ಬಿಳಿ ಸೆರಗು, ತುರಿಕೆ: ಊಟದಿಂದ ಎಷ್ಟು ಗುಣ, ಮದ್ದು ಯಾವಾಗ?

ಬಿಳಿ ಸೆರಗು ಶುರುವಾಯಿತು ಅಂದರೆ ಕಾಸರಗೋಡಿನ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಕೂಡಲೇ ಪುನರ್ಪುಳಿ ಶರಬತ್ತು, ಎಳನೀರು, ಮೆಂತೆ ನೀರು. ಈಗ ಮೊಬೈಲಿನ ಸಲಹೆಯೂ ಸೇರಿಕೊಂಡಿದೆ: ಇಡ್ಲಿ, ದೋಸೆ, ಬ್ರೆಡ್, ಹಣ್ಣು ಎಲ್ಲ ಬಿಡಿ, ಈಸ್ಟ್ ಹಸಿವಿನಿಂದಲೇ ಸಾಯುತ್ತದೆ! ಶರಬತ್ತು ಕುಡಿಯಿರಿ, ತೊಂದರೆಯಿಲ್ಲ, ಸಕ್ಕರೆ ಮಾತ್ರ ಕಡಿಮೆ ಇರಲಿ. ಆದರೆ ಬಂದಿರುವ ಸೋಂಕು ಊಟದಿಂದ ವಾಸಿಯಾಗುವುದಿಲ್ಲ. ಮತ್ತೆ ಮತ್ತೆ ಬರುವವರಿಗೆ ಊಟ ಸಹಾಯ ಮಾಡಬಹುದು, ಅದೂ ಮುಖ್ಯವಾಗಿ ಒಂದೇ ದಾರಿಯಲ್ಲಿ.

ಮೊದಲು, ಇದು ಈಸ್ಟ್ ಸೋಂಕೇನಾ ನೋಡಿ

ಈ ಸೋಂಕಿಗೆ ಕಾರಣ ಕ್ಯಾಂಡಿಡಾ ಎಂಬ, ಈಸ್ಟ್ ಗುಂಪಿನ ಫಂಗಸ್. ಬಾಯಿ, ಕರುಳು, ಯೋನಿಯಲ್ಲಿ ಅದು ಸುಮ್ಮನೆ ಇರುತ್ತದೆ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಜ್ವರಕ್ಕೋ ಹಲ್ಲುನೋವಿಗೋ ಆಂಟಿಬಯೋಟಿಕ್ ತಿಂದಾಗ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಕ್ಯಾಂಡಿಡಾ ಬೆಳೆಯುತ್ತದೆ. ಗರ್ಭಿಣಿಯರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಇದು ಜಾಸ್ತಿ.

ಜೋರು ತುರಿಕೆ, ಉರಿ, ಒಡೆದ ಮೊಸರಿನಂಥ ಗಟ್ಟಿ ಬಿಳಿ ಸ್ರಾವ ಇದರ ಗುರುತು. ವಾಸನೆ ಅಷ್ಟಾಗಿ ಇರುವುದಿಲ್ಲ. ಮೀನಿನಂಥ ವಾಸನೆ, ಹಳದಿ ಅಥವಾ ಹಸಿರು ಬಣ್ಣ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ಕಾರಣ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ. ತುರಿಕೆಯೇ ಇಲ್ಲದೆ ತಿಂಗಳ ನಡುವೆ ಸ್ವಲ್ಪ ಬಿಳಿ ಹೋದರೆ ಅದು ಕಾಯಿಲೆಯಲ್ಲ.

ಆಮೇಲೆ ಮದ್ದು

ಕ್ಲೋಟ್ರಿಮಝೋಲ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ, ಇಲ್ಲವೇ ಫ್ಲುಕೊನಝೋಲ್ 150 ಮಿಲಿಗ್ರಾಂನ ಒಂದು ಮಾತ್ರೆ. ಸಾಮಾನ್ಯ ಸೋಂಕಿಗೆ ಇಷ್ಟೇ ಸಾಕು. ಗರ್ಭಿಣಿಯರು ಈ ನುಂಗುವ ಫ್ಲುಕೊನಝೋಲ್ ಮಾತ್ರೆ ತೆಗೆದುಕೊಳ್ಳಬಾರದು.

ಊಟದಲ್ಲಿ ನೋಡಬೇಕಾದ್ದು ಸಕ್ಕರೆ

ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಕ್ಯಾಂಡಿಡಾಕ್ಕೆ ಅನುಕೂಲ. ಸೋಂಕು ಪದೇ ಪದೇ ಬರುತ್ತಿದ್ದರೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಸಾಮಾನ್ಯವಾಗಿ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ.

ಸಕ್ಕರೆ ಇದ್ದರೆ ಬಟ್ಟಲಿನಲ್ಲಿ ಅರ್ಧ ಭಾಗ ತರಕಾರಿ ಇರಲಿ: ತೊಂಡೆ, ಅಲಸಂಡೆ, ಬಸಳೆ. ಕಾಲು ಭಾಗ ಹೆಸರು ಕಾಳೋ ಬಂಗುಡೆಯೋ. ಉಳಿದ ಕಾಲು ಭಾಗ ಅನ್ನ. ಕುಚ್ಚಲಕ್ಕಿ ಅಂತ ಮೂರು ಸಲ ಬಡಿಸಿಕೊಂಡರೆ ಲೆಕ್ಕ ತಪ್ಪಿತು! ಸಂಜೆ ಚಾಕ್ಕೆ ಬಾಳೆಹಣ್ಣಿನ ಪೋಡಿ, ಬೇಸಿಗೆಯಲ್ಲಿ ಬೇಕಾದಷ್ಟು ಹಲಸಿನ ಹಣ್ಣು, ಇವನ್ನೂ ಲೆಕ್ಕಕ್ಕೆ ಸೇರಿಸಿ. ಬೆಲ್ಲ, ಜೇನು ಕೂಡ ಸಕ್ಕರೆಯೇ.

ಇನ್ನೊಂದು ವಿಷಯ. ಸಕ್ಕರೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೀಗಾಗಿ ತುರಿಕೆ ಬರುವ ಸಾಧ್ಯತೆ ಹೆಚ್ಚು. ಗಂಡಸರಿಗೂ ಬರಬಹುದು. ಮಾತ್ರೆ ನೀವಾಗಿ ಬಿಡಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಸಕ್ಕರೆ ಕಾಯಿಲೆ ಇಲ್ಲದವರು ಸಿಹಿ ಬಿಟ್ಟರೆ ಸೋಂಕು ನಿಲ್ಲುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಇಡ್ಲಿ, ದೋಸೆಗೆ ಹೆದರುವುದಂತೂ ಬೇಡವೇ ಬೇಡ. ಹಿಟ್ಟು ಹುಳಿ ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಬ್ರೆಡ್ಡಿನ ಈಸ್ಟ್ ಬೇರೆಯೇ ಜಾತಿ, ಅದೂ ಬೇಯಿಸುವಾಗ ಸಾಯುತ್ತದೆ.

ಮೊಸರು, ಬೆಳ್ಳುಳ್ಳಿ, ತೆಂಗಿನೆಣ್ಣೆ

ಮೊಸರು, ಮಜ್ಜಿಗೆ, ತಿಮರೆ (ಒಂದೆಲಗ) ತಂಬುಳಿ ಧಾರಾಳ ತಿನ್ನಿ, ಅವುಗಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುವುದರಿಂದ ಮಜ್ಜಿಗೆಹುಳಿ ಈ ಲೆಕ್ಕಕ್ಕೆ ಬರುವುದಿಲ್ಲ. ಮೊಸರಿನಿಂದ ಸೋಂಕು ತಪ್ಪುತ್ತದೆ ಅಂತ ಮಾತ್ರ ಕೂರಬೇಡಿ. ಆಂಟಿಬಯೋಟಿಕ್ ತಿನ್ನುತ್ತಿದ್ದ ಹೆಂಗಸರಿಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿತ್ತು. ಅದರಿಂದ ಸೋಂಕು ತಪ್ಪಲಿಲ್ಲ.

ಬೆಳ್ಳುಳ್ಳಿ, ತೆಂಗಿನೆಣ್ಣೆ ಪ್ರಯೋಗಾಲಯದಲ್ಲಿ ಕ್ಯಾಂಡಿಡಾವನ್ನು ತಡೆಯುತ್ತವೆ, ನಿಜ. ಆದರೆ ಅದು ಗಾಜಿನ ತಟ್ಟೆಯ ಮೇಲಿನ ಮಾತು. ಒಗ್ಗರಣೆಗೆ ಹಾಕಿ, ಒಳಗೆ ಇಟ್ಟುಕೊಳ್ಳಬೇಡಿ. ಬೆಳ್ಳುಳ್ಳಿ ಇಟ್ಟು ಸುಟ್ಟುಕೊಂಡರೆ ತುರಿಕೆಯ ಮೇಲೆ ಇನ್ನೊಂದು ಉರಿ.

ಬಟ್ಟೆ

ಜೂನ್ ಬಂತೆಂದರೆ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ, ಅಲ್ವಾ? ಅರೆ ಒದ್ದೆ ಒಳಉಡುಪು ಹಾಕಬೇಡಿ. ಇಸ್ತ್ರಿ ಹಾಕಿಯಾದರೂ ಒಣಗಿಸಿ. ತೋಟದಿಂದ ನೆನೆದು ಬಂದ ಕೂಡಲೇ ಬದಲಿಸಿ. ಹತ್ತಿಯದು, ಸ್ವಲ್ಪ ಸಡಿಲವಾದದ್ದು ಒಳ್ಳೆಯದು. ಒಳಗೆ ಸೋಪು, ಡೆಟ್ಟಾಲ್ ಹಾಕಿ ತೊಳೆಯುವ ಅಭ್ಯಾಸ ಬಿಡಿ.

ಯಾವಾಗ ತಡ ಮಾಡಬಾರದು

ಮೊದಲ ಸಲ ಬಂದಾಗ, ಗರ್ಭಿಣಿಯಾದಾಗ, ಸಕ್ಕರೆ ಇದ್ದಾಗ, ಮದ್ದು ಮಾಡಿ ವಾರವಾದರೂ ಕಡಿಮೆಯಾಗದಾಗ ಡಾಕ್ಟರನ್ನು ಕಾಣಿ. ನಾಚಿಕೆಯಾದರೆ ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿ, ಅವರು ದಾರಿ ತೋರಿಸುತ್ತಾರೆ. ವರ್ಷಕ್ಕೆ ಮೂರು ಸಲ ಅಥವಾ ಜಾಸ್ತಿ ಬಂದರೆ ಅಂಗಡಿಯಿಂದ ಅದೇ ಮಾತ್ರೆ ತಂದು ನುಂಗುತ್ತಾ ಇರಬೇಡಿ. ಸ್ರಾವದ ಪರೀಕ್ಷೆ ಮಾಡಿಸಿ. ಕ್ಯಾಂಡಿಡಾ ಖಚಿತವಾದರೆ ವಾರಕ್ಕೊಂದು ಮಾತ್ರೆಯಂತೆ ಆರು ತಿಂಗಳ ಚಿಕಿತ್ಸೆ ಇದೆ, ಅದನ್ನು ವೈದ್ಯರೇ ಬರೆದುಕೊಡಬೇಕು.