ಲಿಂಕರ್ ಎರರ್‌ಗೆ ಡ್ರೈವರ್ ಡೌನ್‌ಲೋಡ್ ಮದ್ದಲ್ಲ

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವವರು ಗ್ರಾಫಿಕ್ಸ್ ಮಿನಿ ಪ್ರಾಜೆಕ್ಟ್‌ಗೆ ಜೋಗವನ್ನೇ ಆರಿಸಿಕೊಂಡರು ಅನ್ನೋಣ. ಬಿಡಿಸುವುದು ಓಪನ್‌ಜಿಎಲ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬರೆಸುವ ಫಂಕ್ಷನ್‌ಗಳ ಗುಂಪಿನಲ್ಲಿ. ರಾಜಾ, ರಾಣಿ, ರೋರರ್, ರಾಕೆಟ್, ನಾಲ್ಕೂ ಧಾರೆ ಬೀಳಬೇಕು. ಸಾವಿರಾರು ಹನಿಗಳನ್ನು ಒಂದೊಂದಾಗಿ ಬಿಡಿಸಿದರೆ ಪ್ರೋಗ್ರಾಂ ತೆವಳುತ್ತದೆ. ಎಲ್ಲವನ್ನೂ ಬಫರ್‌ಗೆ (ಡೇಟಾ ಇಡುವ ಮೆಮೊರಿ ಜಾಗ) ತುಂಬಿ ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಕು. ತಾಪತ್ರಯ ಶುರುವಾಗುವುದೇ ಅಲ್ಲಿ. ಲ್ಯಾಬಿನ ಉಬುಂಟುವಿನಲ್ಲಿ ಓಡಿದ ಪ್ರೋಗ್ರಾಂ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಜಿಎಲ್‌ಜೆನ್‌ಬಫರ್ಸ್’ (undefined reference to glGenBuffers) ಎನ್ನುತ್ತದೆ, ಅಂದರೆ ಬಫರ್ ಮಾಡುವ ಆ ಫಂಕ್ಷನ್ ಸಿಗಲಿಲ್ಲ ಎಂದು. ವಿಷುವಲ್ ಸ್ಟುಡಿಯೋ ಆದರೆ ಇದೇ ಎರರ್‌ನ ಸಂಖ್ಯೆ ಎಲ್‌ಎನ್‌ಕೆ2019.

ತಕ್ಷಣ ಹೊಸ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಇಳಿಸಲು ಹೋಗಬೇಡಿ. ಹೊಸನಗರ, ತೀರ್ಥಹಳ್ಳಿಯ ಒಳಊರುಗಳಲ್ಲಿ ಸಿಗ್ನಲ್ ಸಿಗುವ ಮೂಲೆ ಹುಡುಕಿ ನೂರಾರು ಎಂಬಿ ಇಳಿಸಿದರೂ ಅದೇ ಎರರ್ ಬರುತ್ತದೆ. ಈ ಎರರ್ ಕೊಡುವುದು ಲಿಂಕರ್, ಅಂದರೆ ಕಂಪೈಲ್ ಆದ ತುಂಡುಗಳನ್ನು ಲೈಬ್ರರಿಗಳ ಜೊತೆ ಜೋಡಿಸುವ ಸಾಧನ. ಅದು ಡ್ರೈವರನ್ನು ನೋಡುವುದೇ ಇಲ್ಲ. ನೀವು ಕೊಟ್ಟ ಲೈಬ್ರರಿ ಫೈಲ್‌ಗಳನ್ನಷ್ಟೇ ನೋಡುತ್ತದೆ.

ಫಂಕ್ಷನ್ ಇದೆ ಎಂದು ಹೆಡರ್ (ಫಂಕ್ಷನ್‌ಗಳ ಹೆಸರು ಘೋಷಿಸುವ ಫೈಲ್) ಹೇಳಿದರೆ ಕಂಪೈಲರ್‌ಗೆ ಸಾಕು. ಲಿಂಕರ್‌ಗೆ ಅದು ಎಲ್ಲಿದೆ ಅಂತ ಗೊತ್ತಾಗಬೇಕು. ವಿಂಡೋಸ್‌ನ ಓಪನ್‌ಜಿಎಲ್32 ಲೈಬ್ರರಿಯಲ್ಲಿ ಇರುವುದು 1.1ನೇ ಆವೃತ್ತಿಯವರೆಗಿನ ಫಂಕ್ಷನ್‌ಗಳು ಮಾತ್ರ. ಬಫರ್ ಫಂಕ್ಷನ್‌ಗಳು ಓಪನ್‌ಜಿಎಲ್‌ಗೆ ಸೇರಿದ್ದು 2003ರ 1.5ರಲ್ಲಿ, ಶೇಡರ್‌ಗಳು (ಕಾರ್ಡಿನಲ್ಲೇ ಓಡುವ ಪುಟ್ಟ ಪ್ರೋಗ್ರಾಂಗಳು) 2004ರ 2.0ರಲ್ಲಿ. ಇವು ಇರುವುದು ಡ್ರೈವರ್ ಒಳಗೆ. ಪ್ರೋಗ್ರಾಂ ಓಡುವಾಗ ಡಬ್ಲ್ಯುಜಿಎಲ್‌ಗೆಟ್‌ಪ್ರೊಕ್‌ಅಡ್ರೆಸ್ (wglGetProcAddress) ಕರೆದು ಒಂದೊಂದರ ಅಡ್ರೆಸ್ ಕೇಳಿ ಪಡೆಯಬೇಕು. ಲಿನಕ್ಸ್‌ನ ಜಿಎಲ್ ಲೈಬ್ರರಿಯಲ್ಲಿ ಹೊಸ ಹೆಸರುಗಳೂ ಇರುತ್ತವೆ. ಲ್ಯಾಬಿನಲ್ಲಿ ಓಡಿದ್ದು ಅದಕ್ಕೇ.

ಕೈಯಾರೆ ಕೇಳುತ್ತಾ ಕೂರುವುದು ಬೇಡ. ಗ್ಲೂ (GLEW) ಅಥವಾ ಗ್ಲ್ಯಾಡ್ (GLAD) ಎಂಬ ಲೈಬ್ರರಿಗಳು ಆ ಕೆಲಸ ಮಾಡಿಕೊಡುತ್ತವೆ. ಗ್ಲೂ ಹೆಡರನ್ನು, ವಿಂಡೋ ತೆರೆಯುವ ಲೈಬ್ರರಿಯಾದ ಗ್ಲಟ್‌ನ (GLUT) ಹೆಡರ್‌ಗಿಂತ ಮೊದಲು ಸೇರಿಸಿ.

ಮತ್ತೆ ಬಿಲ್ಡ್ ಮಾಡಿ. ಎರರ್ ಬಂದರೆ ಅದರಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಓದಿ. ಬರೀ ‘ಜಿಎಲ್‌ಜೆನ್‌ಬಫರ್ಸ್’ ಇದ್ದರೆ ಆ ಫೈಲಿಗೆ ಗ್ಲೂ ಹೆಡರ್ ಸೇರಿಲ್ಲ. ಹೆಸರಿನ ನಡುವೆ ‘ಗ್ಲೂ’ (glew) ಇದ್ದರೆ ಹೆಡರ್ ಸರಿಯಿದೆ, ಲೈಬ್ರರಿ ಸಿಕ್ಕಿಲ್ಲ. ಹೆಸರಿನ ಆರಂಭಕ್ಕೆ ‘ಇಂಪ್’ (imp) ಅಂಟಿಕೊಂಡಿದ್ದರೆ ಹೆಡರ್ ಓಡುವಾಗ ಸೇರುವ ಲೈಬ್ರರಿಯಾದ ಡಿಎಲ್ಎಲ್‌ಗಾಗಿ ಕಾಯುತ್ತಿದೆ ಎಂದರ್ಥ. ನೀವು ಕೊಟ್ಟದ್ದು ಸ್ಟ್ಯಾಟಿಕ್ (ಪ್ರೋಗ್ರಾಂ ಒಳಗೇ ಸೇರುವ) ಲೈಬ್ರರಿ ಆದರೆ ಹೆಡರ್‌ಗೆ ಮೊದಲೇ ‘ಗ್ಲೂ ಅಂಡರ್‌ಸ್ಕೋರ್ ಸ್ಟ್ಯಾಟಿಕ್’ (GLEW_STATIC) ಡಿಫೈನ್ ಮಾಡಿ. ಈ ಮೂರನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್’ ಎಂದು ಬಂದರೆ 32 ಬಿಟ್, 64 ಬಿಟ್ ಬೆರಕೆಯಾಗಿರಬಹುದು.

ಜಿಸಿಸಿ ಕಂಪೈಲರ್‌ಗೆ ಫೈಲ್‌ಗಳನ್ನು ಕೊಡುವ ಕ್ರಮವೂ ಮುಖ್ಯ. ಮೊದಲು ನಿಮ್ಮ ಸಿ ಫೈಲ್, ಆಮೇಲೆ ಗ್ಲೂ, ಗ್ಲಟ್, ಕೊನೆಗೆ ಓಪನ್‌ಜಿಎಲ್ ಲೈಬ್ರರಿ.

ಲಿಂಕ್ ಆಯಿತು, ಓಡಿಸಿದ ಕೂಡಲೇ ಕ್ರ್ಯಾಶ್ ಆಯಿತು ಅಲ್ವಾ? ಗ್ಲೂವನ್ನು ಶುರು ಮಾಡುವ ಗ್ಲೂಇನಿಟ್ ಎಲ್ಲಿ ಕರೆದಿದ್ದೀರಿ ನೋಡಿ. ಗ್ಲಟ್ ವಿಂಡೋ ತೆರೆದ ಮೇಲೆಯೇ ಕರೆಯಬೇಕು. ವಿಂಡೋ ಜೊತೆ ಸಿದ್ಧವಾಗುವ ಓಪನ್‌ಜಿಎಲ್ ಕಾಂಟೆಕ್ಸ್ಟ್ ಇಲ್ಲದೆ ಡ್ರೈವರ್ ಯಾವ ಅಡ್ರೆಸ್ಸನ್ನೂ ಕೊಡುವುದಿಲ್ಲ. ಗ್ಲೂಇನಿಟ್ ವಾಪಸ್ ಕೊಟ್ಟ ಉತ್ತರವನ್ನು ಸುಮ್ನೆ ಬಿಡದೆ ಪರೀಕ್ಷಿಸಿ.

ಆಮೇಲೂ ಸರಿಯಾಗದಿದ್ದರೆ ಜಿಎಲ್‌ಗೆಟ್‌ಸ್ಟ್ರಿಂಗ್‌ನಿಂದ ರೆಂಡರರ್ (ಚಿತ್ರ ಬಿಡಿಸುತ್ತಿರುವುದರ ಹೆಸರು), ಆವೃತ್ತಿ ಎರಡನ್ನೂ ಪ್ರಿಂಟ್ ಮಾಡಿ. ‘ಜಿಡಿಐ ಜನೆರಿಕ್’, 1.1.0 ಎಂದು ಬಂದರೆ ನಿಮ್ಮ ಕಾರ್ಡಿನ ಡ್ರೈವರ್ ಕೆಲಸಕ್ಕೇ ಬಂದಿಲ್ಲ. ಡ್ರೈವರ್ ಇಳಿಸಬೇಕಾದ್ದು ಆಗ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ, ಮಾಡೆಲ್ ಸಂಖ್ಯೆ ನೋಡಿಯೇ ಇಳಿಸಿಕೊಳ್ಳಿ.