ದೀರ್ಘ ಕಾಯಿಲೆ ಬಂದಾಗ ರಾಜೀನಾಮೆ ಕೊನೆಯ ಕಾಗದವಾಗಿರಲಿ

ಸಂಧಿವಾತ ಕೈಗೆ ಬಂದು ಕೂತಮೇಲೆ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: "ಜೀವಾ ಮೊದಲ್ರೀ, ರಾಜೀನಾಮಿ ಬರದುಕೊಟ್ಟು ಮನ್ಯಾಗ ಆರಾಮ ಇರ್ರಿ." ಪ್ರೀತಿಯಿಂದಲೇ ಹೇಳುತ್ತಾರೆ. ಬೆಳಗಾವಿ ಉದ್ಯಮಬಾಗದ ಮಷಿನ್ ಶಾಪಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಆಪರೇಟರ್ ಆಗಿದ್ದುಕೊಂಡು ಈ ದಾರಿ ಹಾದುಬಂದ ನಾನು ಹೇಳುವುದು ಬೇರೆ. ಕಾಯಿಲೆಯವನಿಗೆ ಕಾನೂನು ಕೊಡುವ ಆಸರೆಯ ಬಹುಪಾಲು ಅವನು ನೌಕರಿಯಲ್ಲಿದ್ದಾಗ ಮಾತ್ರ ಸಿಗುತ್ತದೆ. ಬಿಡುವುದೇ ಸರಿ ಎಂದಾದರೂ, ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಲಕ್ಷಗಟ್ಟಲೆ ರೂಪಾಯಿ ನಿಂತಿರುತ್ತದೆ.

ಮೊದಲು ಒಂದು ನೋಟ್‌ಬುಕ್ ಮಾಡಿ. ನಾನು ನಾಲ್ಕು ಕಾಲಂ ಹಾಕಿದೆ: ಬೆಳಿಗ್ಗೆ ಬೆರಳು ಸಡಿಲಾಗಲು ಹಿಡಿದ ಹೊತ್ತು, ಮಾಡಲಾಗದ ಕೆಲಸ, ಪಡೆದ ಸಹಾಯ, ಮರುದಿನದ ಸ್ಥಿತಿ. ಬರೀ "ಕೈ ನೋವು" ಅಂತ ಬರೆದರೆ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. "ಇನ್ಸರ್ಟ್ ಬದಲಿಸುವಾಗ ಹೆಬ್ಬೆರಳು, ತೋರುಬೆರಳ ನಡುವೆ ಟಾರ್ಕ್ಸ್ ಕೀ ನಿಲ್ಲಲಿಲ್ಲ", "ಚಕ್ ಕೀ ಬಿಗಿ ಮಾಡಲು ಪಕ್ಕದವರನ್ನು ಕರೆದೆ", "ವರ್ನಿಯರ್ ಹಿಡಿದೆ, ಸ್ಕ್ರೂ ತಿರುಗಿಸಲು ಆಗಲಿಲ್ಲ" ಎಂದು ಬರೆಯಬೇಕು. ಎಲ್ಲಕ್ಕಿಂತ ಮುಖ್ಯ ನಾಲ್ಕನೇ ಕಾಲಂ. ಹಟ ಹಿಡಿದು ಪೂರ್ತಿ ಶಿಫ್ಟ್ ಮುಗಿಸಿ, ಮರುದಿನ ಅಂಗಿ ಗುಂಡಿ ಹಾಕಿಕೊಳ್ಳಲೂ ಆಗದಿದ್ದರೆ ಆ ಶಿಫ್ಟ್ ನಿಮ್ಮ ಶಕ್ತಿಗೆ ಮೀರಿದ್ದು ಎಂದೇ ಲೆಕ್ಕ.

ನಿರ್ಧಾರವನ್ನು ಔಷಧ ಹಿಡಿಯುವ ಮುಂಚೆ ಮಾಡಬೇಡಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧ, ಅದರ ಪೂರ್ತಿ ಗುಣ ಕಾಣಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಅದನ್ನು ತೆಗೆದುಕೊಂಡ ಮರುದಿನ ಕೆಲವರಿಗೆ ವಾಕರಿಕೆ, ಸುಸ್ತು ಇರುತ್ತದೆ. ವೈದ್ಯರನ್ನು ಕೇಳಿ ಅದನ್ನು ವಾರದ ರಜೆಯ ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಒಂದು ಕೆಲಸದ ದಿನ ಉಳಿಯುತ್ತದೆ.

ಆ ಹೊತ್ತಿನಲ್ಲೇ ಕೆಲಸ ಬದಲಿಸಿಕೊಡಲು ಲಿಖಿತವಾಗಿ ಕೇಳಬೇಕು. ಇಲ್ಲಿ ಬಹಳ ಜನರ ಕಾಗದ ಒಂದೇ ಕಡೆ ಕೆಡುತ್ತದೆ: ವೈದ್ಯರು "ಲೈಟ್ ವರ್ಕ್ ಕೊಡಿ" ಎಂದು ಬರೆಯುತ್ತಾರೆ, ಮಾಲೀಕರು "ನಮ್ಮಲ್ಲಿ ಲೈಟ್ ವರ್ಕ್ ಇಲ್ಲ" ಎಂದು ಬಾಗಿಲು ಹಾಕುತ್ತಾರೆ. ಹಾಗಾಗಿ ನೋಟ್‌ಬುಕ್ ತೋರಿಸಿ ವೈದ್ಯರಿಂದ ಬಿಡಿಬಿಡಿಯಾಗಿ ಬರೆಸಿ: ಇಷ್ಟು ಕೆಜಿಗಿಂತ ಹೆಚ್ಚು ಎತ್ತಬಾರದು, ಕೈ ಬಿಗಿಹಿಡಿಯುವ ಕೆಲಸ ಸತತವಾಗಿ ಇಷ್ಟು ನಿಮಿಷ ಮೀರಬಾರದು, ಬೆಳಗಿನ ಶಿಫ್ಟ್ ಬದಲು ಎರಡನೇ ಶಿಫ್ಟ್. ಜೊತೆಗೆ ನೀವೇ ಜಾಗ ಸೂಚಿಸಿ. ಇನ್‌ಸ್ಪೆಕ್ಷನ್ ಬೆಂಚು, ಪ್ರೋಗ್ರಾಂ ಎಡಿಟಿಂಗ್, ಕೈಯಿಂದ ಬಿಗಿಯಬೇಕಿಲ್ಲದ ಹೈಡ್ರಾಲಿಕ್ ಚಕ್ ಇರುವ ಮಷಿನ್, ಇವೆಲ್ಲ ಶಾಪಿನಲ್ಲಿ ಇರುವಂಥವೇ. ಬೆಳಿಗ್ಗೆ ಬೆರಳು ಬಿಗಿಯುವವರಿಗೆ ಶಿಫ್ಟ್ ಬದಲಾವಣೆಯೊಂದೇ ಅರ್ಧ ಔಷಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾರಿಗೆ ಸಂಸ್ಥೆ, ಹೆಸ್ಕಾಂ, ಅನುದಾನಿತ ಶಾಲೆಯಂಥ ಕಡೆ ಇರುವವರಿಗೆ ಇನ್ನೂ ಗಟ್ಟಿ ಆಸರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥದ್ದಿಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಖಾಸಗಿ ಕಾರ್ಖಾನೆಗೆ ಈ ಕಲಂ ತಾಗುವುದಿಲ್ಲ.

ಖಾಸಗಿಯವರ ಕೈಯಲ್ಲಿರುವುದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳ ವೇತನ ₹21,000ದೊಳಗಿದ್ದವರಿಗೆ, ವೈದ್ಯರು ಸರ್ಟಿಫಿಕೇಟ್ ಕೊಟ್ಟ ದಿನಗಳಿಗೆ ಸರಾಸರಿ ದಿನಗೂಲಿಯ 70% ವರ್ಷದಲ್ಲಿ 91 ದಿನದವರೆಗೆ ಸಿಗುತ್ತದೆ. ದಿನಗೂಲಿ ₹600 ಆದರೆ ₹420. ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಪಾರ್ಕಿನ್ಸನ್ ಮುಂತಾದ 34 ದೀರ್ಘ ರೋಗಗಳಿಗೆ ಅದು 80% ಆಗಿ ಎರಡು ವರ್ಷದವರೆಗೂ ಹೋಗಬಹುದು. ಅದಕ್ಕೆ ಎರಡು ವರ್ಷದ ಸತತ ನೌಕರಿ ಮತ್ತು ಹಿಂದಿನ ನಾಲ್ಕು ವಂತಿಗೆ ಅವಧಿಯಲ್ಲಿ (ಒಂದು ಅವಧಿ ಎಂದರೆ ಆರು ತಿಂಗಳು) 156 ದಿನದ ವಂತಿಗೆ ಬೇಕು. ಎಡವುವುದು ಇಲ್ಲಿ: 70%ಕ್ಕೆ ಒಂದು ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿರಬೇಕು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಮುಂದಿನ ಜನವರಿಯಿಂದ ಜೂನ್‌ಗೆ ಲೆಕ್ಕ. ಸರ್ಟಿಫಿಕೇಟ್ ತೆಗೆದುಕೊಳ್ಳದೆ ಸುಮ್ಮನೆ ಸಂಬಳವಿಲ್ಲದ ರಜೆ ಹಾಕುತ್ತ ಹೋದವರಿಗೆ ಈಗಿನ ಹಣವೂ ಇಲ್ಲ, ಆರು ತಿಂಗಳ ನಂತರದ ಅರ್ಹತೆಯೂ ಇಲ್ಲ. ಹಂಗಾಮಿ ಎಂದು ದಾಖಲಾದ ಸಕ್ಕರೆ ಕಾರ್ಖಾನೆಗೆ ಇಎಸ್‌ಐ ಅನ್ವಯಿಸದು. ಅಥಣಿ, ಮುಧೋಳ ಕಡೆಯವರು ಮೊದಲು ಪಗಾರ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿಕೊಳ್ಳಿ.

ಇನ್ನು ಅಂಗವೈಕಲ್ಯ ಪ್ರಮಾಣಪತ್ರ. ಕಾಯ್ದೆಯಲ್ಲಿ 21 ಬಗೆ ಇವೆ. ಮಧುಮೇಹ, ಹೃದ್ರೋಗ, ಕಿಡ್ನಿ ರೋಗ ಅವುಗಳಲ್ಲಿ ಹೆಸರಾಗಿ ಇಲ್ಲ. ಸಂಧಿವಾತವನ್ನು ಚಲನಾಂಗದ ವೈಕಲ್ಯವಾಗಿ ಅಳೆಯುತ್ತಾರೆ: ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯುವಿನ ಬಲ ಎಷ್ಟು, ಹಿಡಿತ ಹೇಗಿದೆ. ಬರೀ ನೋವು ಎಂದು ಹೇಳಿ ಅಂಕ ನಿರೀಕ್ಷಿಸಬೇಡಿ. ಎರಡು ಅಂಗಗಳ ಶೇಕಡಾವನ್ನು ನೇರ ಕೂಡಿಸುವುದೂ ಇಲ್ಲ. ಕೈಗೆ 30, ಕಾಲಿಗೆ 20 ಬಂದರೆ ಒಟ್ಟು 50 ಅಲ್ಲ, 30 + 20 × (90 − 30) ÷ 90, ಅಂದರೆ ಸುಮಾರು 43. ಸೌಲಭ್ಯಗಳ ಗೆರೆ 40%.

ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಹಾಕಬೇಕು. ಆಧಾರ್, ಫೋಟೊ, ಸಹಿ ಸಿದ್ಧವಿಟ್ಟುಕೊಳ್ಳಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ತಾಲೂಕಿನಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಕೂತು ತುಂಬಿಕೊಡುತ್ತಾರೆ. ತಪಾಸಣೆಗೆ ಹೋಗುವಾಗ ರಿಪೋರ್ಟಿನ ಜೊತೆ ಎರಡೂ ಕೈಗಳ ಎಕ್ಸ್‌ರೇ ಫಿಲ್ಮು, ಆರು ತಿಂಗಳ ಚೀಟಿಗಳು, ಆ ನೋಟ್‌ಬುಕ್ ಒಯ್ಯಿರಿ. ನಮ್ಮ ಕಡೆಯವರು ವೈದ್ಯರೆದುರು ಮರ್ಯಾದೆಗೆ ಅಂಜಿ "ಆಗತೈತ್ರೀ, ಮಾಡತೇನ್ರೀ" ಅಂದುಬಿಡುತ್ತಾರೆ. ಆಗದ್ದನ್ನು ಆಗುವುದಿಲ್ಲ ಎಂದೇ ಹೇಳಬೇಕು. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಈ ಪತ್ರ ಬಂತೆಂದರೆ ದುಡಿಯಲಾರೆ ಎಂದು ಸಾಬೀತಾದಂತಲ್ಲ. ದುಡಿಯುತ್ತ ಹೋಗಲು ಅದು ಆಧಾರ. ಅದರಿಂದ ಬರುವ ಮಾಸಾಶನ 40ರಿಂದ 75%ವರೆಗೆ ₹800, ಅದಕ್ಕೂ ಮೇಲೆ ₹1,400, ಅದೂ ಆದಾಯದ ಮಿತಿಯೊಳಗಿನವರಿಗೆ. ಇದನ್ನು ನಂಬಿ ₹18,000ದ ಕೆಲಸ ಬಿಡುವಂತಿಲ್ಲ. ಬಿಟ್ಟರೆ ಇಎಸ್‌ಐ ಔಷಧವೂ ನಿಲ್ಲುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ. ತಿಂಗಳ ಗುಳಿಗೆ, ರಕ್ತ ತಪಾಸಣೆಯ ಖರ್ಚು ಮಾತ್ರ ಮನೆಯ ಮೇಲೇ ಬೀಳುತ್ತದೆ. ಬಿಡುವ ಲೆಕ್ಕದಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ನೋಟ್‌ಬುಕ್, ಔಷಧ, ಬದಲಿ ಕೆಲಸ ಎಲ್ಲ ಆದಮೇಲೂ ದೇಹ ಒಪ್ಪದಿದ್ದರೆ ಬಿಡುವುದೇ ಸರಿ, ಅದರಲ್ಲಿ ತಲೆ ತಗ್ಗಿಸುವಂಥದ್ದೇನೂ ಇಲ್ಲ. ಆಗ ಎರಡು ಬೇರೆ ಅಳತೆ ನೆನಪಿರಲಿ. ಪಿಎಫ್ ಜೊತೆಗಿನ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಅಂಗವೈಕಲ್ಯ ಪಿಂಚಣಿಗೆ ಶಾಶ್ವತ ಮತ್ತು ಸಂಪೂರ್ಣ ಅಸಾಮರ್ಥ್ಯ ಬೇಕು. ಅದು ನೌಕರಿಯಲ್ಲಿದ್ದಾಗಲೇ ಬಂದಿರಬೇಕು, ಮೆಡಿಕಲ್ ಬೋರ್ಡ್ ಒಪ್ಪಬೇಕು. ಹತ್ತು ವರ್ಷದ ಸೇವೆಯ ನಿಯಮ ಇಲ್ಲಿಲ್ಲ, ಒಂದು ತಿಂಗಳ ವಂತಿಗೆ ಇದ್ದರೂ ನಡೆಯುತ್ತದೆ. ಗ್ರಾಚ್ಯುಟಿಗೆ ಅಷ್ಟು ಬಿಗಿ ಇಲ್ಲ: ರೋಗ ಬರುವ ಮುಂಚೆ ಮಾಡುತ್ತಿದ್ದ ಕೆಲಸ ಈಗ ಮಾಡಲಾಗದಿದ್ದರೆ ಸಾಕು, ಐದು ವರ್ಷ ತುಂಬಿರಬೇಕೆಂಬ ಷರತ್ತು ಬಿದ್ದುಹೋಗುತ್ತದೆ.

ಆದ್ದರಿಂದ ಬಿಡುವ ಪತ್ರದಲ್ಲಿ "ವೈಯಕ್ತಿಕ ಕಾರಣಗಳಿಂದ" ಎಂದು ಬರೆಯಬೇಡಿ, ಆಫೀಸಿನವರು ಟೈಪ್ ಮಾಡಿ ತಂದರೂ ಸಹಿ ಹಾಕಬೇಡಿ. ರೋಗದ ಹೆಸರು, ಮಾಡಲಾಗದ ಕೆಲಸ, ಬದಲಿ ಕೆಲಸ ಕೇಳಿದ ಪತ್ರದ ದಿನಾಂಕ ಬರೆದು ವೈದ್ಯರ ಪ್ರಮಾಣಪತ್ರ ಲಗತ್ತಿಸಿ. ಇಪಿಎಸ್‌ಗೆ 10-ಡಿ ಅರ್ಜಿ, ಗ್ರಾಚ್ಯುಟಿಗೆ 30 ದಿನದೊಳಗೆ ಪ್ರತ್ಯೇಕ ಅರ್ಜಿ ಕೊಡಿ. ಪ್ರತಿಯೊಂದರ ಜೆರಾಕ್ಸ್ ಮೇಲೂ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಂಡೇ ಗೇಟು ದಾಟಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.