ಮರಳು ಹೊದ್ದು ಮಲಗುವ ಮೀನಿಗೆ ಹಾಸಿಗೆ ಮಾಡುವುದು ಹೇಗೆ?

ಹೊಸದಾಗಿ ತಂದ ಹಳದಿ ರ‍್ಯಾಸ್ ಮೀನನ್ನು ಉಪ್ಪುನೀರಿನ ಟ್ಯಾಂಕಿಗೆ ಬಿಟ್ಟೆ. ಆ ಕಡೆ ಒಂದು ಸುತ್ತು, ಈ ಕಡೆ ಒಂದು ಸುತ್ತು ಹೊಡೆಯಿತು. ತಿಂಡಿ ಡಬ್ಬಿ ತರೋಣ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಮೀನೇ ಇಲ್ಲ! ಕಲ್ಲಿನ ಸಂದಿ ನೋಡಿದೆ, ಫಿಲ್ಟರ್ ಬಿಚ್ಚಿ ನೋಡಿದೆ, ಟ್ಯಾಂಕಿಗೆ ಮುಚ್ಚಳ ಇರಲಿಲ್ಲವಾದ್ದರಿಂದ ನೆಲದ ಮೇಲೂ ಹುಡುಕಿದೆ. ಎರಡು ದಿನ ಹೇಗೋ ತಡೆದುಕೊಂಡೆ. ಮೂರನೇ ದಿನ ಕೋಲು ತಗೊಂಡು ಮರಳು ಕೆದಕಿಯೇಬಿಟ್ಟೆ. ಹಳದಿ ಗೆರೆಯೊಂದು ಸರ್ರನೆ ಮೇಲೆದ್ದು ಗಾಜಿಗೆ ಬಡಿಯಿತು. ಮೂತಿ ತರಚಿ ಕೆಂಪಾಯಿತು. ಆಮೇಲೆ ಐದು ದಿನ ಅದು ಮುಖ ತೋರಿಸಲಿಲ್ಲ.

ಪಾಪ, ಅದು ಕಾಣೆಯಾಗಿರಲಿಲ್ಲ. ಮಲಗಿತ್ತು. ಇಂಥ ಮೀನುಗಳ ವಿಷಯದಲ್ಲಿ ನಮ್ಮ ಕೆಲಸ ಹಾಸಿಗೆ ಹಾಸಿಕೊಡುವುದು, ಆಮೇಲೆ ಕೈ ಹಾಕದೆ ಸುಮ್ನೆ ಇರುವುದು. ಹಾಸಿಗೆ ಹಾಸುವುದು ಸುಲಭ. ಸುಮ್ನೆ ಇರುವುದೇ ಕಷ್ಟ.

1. ಮೊದಲು ಯಾವ ಮೀನು ಎಲ್ಲಿ ಮಲಗುತ್ತದೆ ಅಂತ ತಿಳಿಯಿರಿ

ರ‍್ಯಾಸ್ ಅಂದ ಮಾತ್ರಕ್ಕೆ ಎಲ್ಲವೂ ಮರಳಿಗೆ ಹೋಗುವುದಿಲ್ಲ. ಹಳದಿ ರ‍್ಯಾಸ್ ಸೇರಿದಂತೆ ಹ್ಯಾಲಿಕೋಯಿರಿಸ್ ಗುಂಪಿನವು, ಚುಕ್ಕೆಚುಕ್ಕೆಯ ಲೆಪರ್ಡ್ ರ‍್ಯಾಸ್, ಕೋರಿಸ್ ಗುಂಪಿನವು, ಎಳೆಯದಾಗಿದ್ದಾಗ ಕಡಲಪಾಚಿಯ ಚೂರಿನ ಹಾಗೆ ತೇಲಾಡುವ ಡ್ರ್ಯಾಗನ್ ರ‍್ಯಾಸ್ ಇವೆಲ್ಲ ಮರಳಲ್ಲಿ ಹೂತುಕೊಂಡು ಮಲಗುತ್ತವೆ. ಫೇರಿ ರ‍್ಯಾಸ್, ಸಿಕ್ಸ್‌ಲೈನ್ ರ‍್ಯಾಸ್ ಹಾಗಲ್ಲ. ಅವು ಕಲ್ಲಿನ ಸಂದಿ ಸೇರಿ, ಮೈಯಿಂದ ಲೋಳೆ ಬಿಟ್ಟು, ಸೊಳ್ಳೆಪರದೆಯ ಹಾಗೆ ಸುತ್ತಿಕೊಂಡು ಮಲಗುತ್ತವೆ. ಬೆಳಗ್ಗೆ ನೀರಲ್ಲಿ ತೆಳುವಾದ ಲೋಳೆಪೊರೆ ತೇಲುತ್ತಿದ್ದರೆ ಗಾಬರಿ ಬೇಡ, ಅದು ಮಡಚದೆ ಬಿಟ್ಟುಹೋದ ಹೊದಿಕೆ.

ಇನ್ನು ಜಾಫಿಶ್, ವಾಚ್‌ಮನ್ ಗೋಬಿ. ಇವೂ ಮರಳಿಗೇ ಹೋಗುತ್ತವೆ, ಆದರೆ ಮನೆ ಕಟ್ಟಿಕೊಂಡು. ಜಾಫಿಶ್ ಬಾಯಲ್ಲಿ ಮರಳು ತುಂಬಿ ಹೊರಗೆ ಉಗುಳುತ್ತಾ ಬಿಲ ತೋಡುತ್ತದೆ. ಗೋಡೆ ಕುಸಿಯದ ಹಾಗೆ ಚಿಪ್ಪಿನ ಚೂರು, ಸಣ್ಣ ಕಲ್ಲು ಜೋಡಿಸುತ್ತದೆ. ರಾತ್ರಿ ಒಳಗೆ ಹೋಗಿ ಕಲ್ಲೊಂದನ್ನು ಬಾಗಿಲಿಗೆ ಎಳೆದುಕೊಳ್ಳುವ ಜಾಫಿಶ್‌ಗಳೂ ಇವೆ. ಗೋಬಿಗೆ ಅಷ್ಟೂ ಕೆಲಸವಿಲ್ಲ, ಅದರ ಜೊತೆಗಿರುವ ಪಿಸ್ತೂಲ್ ಸೀಗಡಿಯೇ ಬಿಲ ತೋಡುತ್ತದೆ. ಸೀಗಡಿಗೆ ಕಣ್ಣು ಮಂದ. ಹೊರಗೆ ಬಂದಾಗ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲ್ಲಾಡಿಸುತ್ತದೆ, ಸೀಗಡಿ ಒಳಗೆ ಓಡುತ್ತದೆ. ರಾತ್ರಿ ಇಬ್ಬರೂ ಒಂದೇ ಮನೆಯಲ್ಲಿ.

2. ಮರಳು ಆರಿಸಿ

ಇಲ್ಲಿ ಜಿಪುಣತನ ಬೇಡ. ರ‍್ಯಾಸ್ ಮರಳಿಗೆ ಇಳಿಯುವುದನ್ನು ನೋಡಿದ್ದೀರಾ? ಮೂತಿ ಕೆಳಗೆ ಮಾಡಿ, ಮೈಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ, ತಲೆ ಮೊದಲಾಗಿ ನುಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ. ಅಷ್ಟು ವೇಗದಲ್ಲಿ ಮೈ ಉಜ್ಜುವ ಜಾಗ ಚೂಪಾಗಿದ್ದರೆ ಏನಾಗಬೇಡ? ಒಡೆದ ಹವಳದ ದಪ್ಪ ಚೂರುಗಳ ಮೇಲೆ ದಿನಾ ಮಲಗುವ ಮೀನಿಗೆ ಮೂತಿ, ಹೊಟ್ಟೆ ತರಚುತ್ತದೆ. ಗಾಯಕ್ಕೆ ಸೋಂಕು ತಗುಲುತ್ತದೆ.

ಅರಗೊನೈಟ್ ಮರಳು, ಅಂದರೆ ಹವಳ, ಚಿಪ್ಪಿನಲ್ಲಿರುವಂಥ ಸುಣ್ಣದ ಮರಳು, ಒಳ್ಳೆಯದು. ಕಾಳು ಅರ್ಧ ಮಿಲಿಮೀಟರಿನಿಂದ 2 ಮಿಲಿಮೀಟರ್ ಒಳಗಿದ್ದರೆ ಸಾಕು. ಹಿಟ್ಟಿನಷ್ಟು ನುಣ್ಣಗಿರುವುದೂ ಬೇಡ, ಪಂಪಿನ ನೀರಿಗೆ ಅದು ಹೊಗೆಯ ಹಾಗೆ ಏಳುತ್ತದೆ. ಮರಳಿನೊಳಗೆ ಮೀನು ಉಸಿರಾಡುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಕಾಳುಗಳ ನಡುವೆ ನೀರು ಇದ್ದೇ ಇರುತ್ತದೆ. ಮಲಗಿದ ಮೀನಿನ ಉಸಿರಾಟವೂ ನಿಧಾನವಾಗಿರುತ್ತದೆ. ಅದಕ್ಕೆ ಅಷ್ಟು ಸಾಕು.

ಕೈಯಲ್ಲಿ ಒಂದು ಹಿಡಿ ಮರಳು ತಗೊಂಡು ಮುಂಗೈ ಒಳಭಾಗಕ್ಕೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಮೀನಿಗೂ ಚುಚ್ಚುತ್ತದೆ. ನಾನು ಮಾಡುವ ಪರೀಕ್ಷೆ ಇಷ್ಟೇ.

3. ಕಲ್ಲು ಮೊದಲು, ಮರಳು ಆಮೇಲೆ

ಈ ಒಂದು ಹಂತವನ್ನು ಯಾವ ಕಾರಣಕ್ಕೂ ತಿರುವುಮುರುವು ಮಾಡಬೇಡಿ. ಮರಳು ಹಾಸಿ ಅದರ ಮೇಲೆ ಕಲ್ಲು ಜೋಡಿಸಿದರೆ ನೋಡಲು ಚೆನ್ನಾಗಿಯೇ ಇರುತ್ತದೆ. ಒಂದು ರಾತ್ರಿ ಮೀನು ಕಲ್ಲಿನ ಬುಡದಲ್ಲೇ ತೋಡುತ್ತದೆ, ಕಲ್ಲು ಜಾರುತ್ತದೆ, ಮಲಗಿದ್ದ ಮೀನಿನ ಮೇಲೆಯೇ ಬೀಳುತ್ತದೆ. ಜಾಫಿಶ್, ಪಿಸ್ತೂಲ್ ಸೀಗಡಿ ಇದ್ದರಂತೂ ಇದು ಇವತ್ತಲ್ಲ ನಾಳೆ ಆಗುವುದೇ. ಅದಕ್ಕೇ ಕಲ್ಲು ನೇರವಾಗಿ ಟ್ಯಾಂಕಿನ ತಳದ ಮೇಲೆ ಕೂರಬೇಕು. ಕೈಯಲ್ಲಿ ಅಲ್ಲಾಡಿಸಿ ನೋಡಿ, ಕದಲಬಾರದು. ಆಮೇಲೆ ಸುತ್ತ ಮರಳು ಸುರಿಯಿರಿ.

ಎಷ್ಟು ದಪ್ಪ? ಸಣ್ಣ ರ‍್ಯಾಸ್‌ಗಳಿಗೆ 5 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಹಳದಿ ರ‍್ಯಾಸ್ ಬೆಳೆದರೆ ಸುಮಾರು 12 ಸೆಂಟಿಮೀಟರ್, ಅದಕ್ಕೆ 5ರಿಂದ 7 ಸಾಕು. ದೊಡ್ಡ ಜಾತಿಯವಕ್ಕೆ 10ರ ತನಕ ಹಾಕಿ. ಜಾಫಿಶ್‌ಗೆ 12ರಿಂದ 15 ಬೇಕು, ಅದೂ ಬರೀ ಮರಳಲ್ಲ, ಚಿಪ್ಪಿನ ಚೂರು, ಸಣ್ಣ ಕಲ್ಲು ಬೆರೆಸಿದ್ದು. ಬರೀ ಮರಳಾದರೆ ಬಿಲ ನಿಲ್ಲುವುದೇ ಇಲ್ಲ. ಇಡೀ ಟ್ಯಾಂಕಿಗೆ ಅಷ್ಟು ದಪ್ಪ ಹಾಸಬೇಕಾಗಿಯೂ ಇಲ್ಲ. ಒಂದು ಮೂಲೆಯಲ್ಲಿ ದಿಬ್ಬದ ಹಾಗೆ ಮಾಡಿಕೊಟ್ಟರೆ ಮೀನೇ ಆ ಜಾಗ ಕಂಡುಕೊಳ್ಳುತ್ತದೆ. ಪಂಪಿನ ಬಾಯಿ ಮಾತ್ರ ಆ ಮೂಲೆಗೆ ತಿರುಗಿರಬಾರದು. ಇಲ್ಲದಿದ್ದರೆ ಒಂದು ವಾರದಲ್ಲಿ ದಿಬ್ಬ ಇನ್ನೊಂದು ಮೂಲೆಗೆ ಹೋಗಿರುತ್ತದೆ.

ತಳಕ್ಕೇ ಅಂಟಿಕೊಂಡಿರುವ ಹವಳಗಳನ್ನು ಮಲಗುವ ಮೂಲೆಯಿಂದ ದೂರ ಇಡಿ. ದಿನಾ ಸಂಜೆ ಅವುಗಳ ಮೇಲೆ ಮರಳಿನ ಮಳೆಯಾಗುತ್ತದೆ.

4. ಮುಚ್ಚಳ ಹಾಕಿ

ರ‍್ಯಾಸ್ ಹಾರುತ್ತದೆ. ಜಾಫಿಶ್ ಇನ್ನೂ ಜಾಸ್ತಿ ಹಾರುತ್ತದೆ. ಅರ್ಧ ಸೆಂಟಿಮೀಟರ್ ಕಣ್ಣಿನ ಬಲೆ ಸಾಕು, ಆದರೆ ವೈರ್ ಹೋಗುವ ಮೂಲೆಯನ್ನೂ ಮುಚ್ಚಬೇಕು. ಅವು ಹಾರುವುದು ಸರಿಯಾಗಿ ಅಲ್ಲಿಂದಲೇ.

5. ದೀಪ ಥಟ್ಟನೆ ಆರಿಸಬೇಡಿ

ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಲು ಬರುವುದಿಲ್ಲ. ಆದರೆ ಒಳಗೊಂದು ಗಡಿಯಾರ ಇದೆ. ಮರಳಲ್ಲಿ ಮಲಗುವ ರ‍್ಯಾಸ್ ದೀಪ ಆರುವ ತನಕ ಕಾಯುವುದಿಲ್ಲ. ಸಂಜೆಯಾಗುತ್ತಿದ್ದ ಹಾಗೆ, ಟೈಮರ್ ದೀಪ ಆರಿಸುವ ಎಷ್ಟೋ ಮೊದಲೇ ಹೋಗಿ ಮಲಗಿಬಿಡುತ್ತದೆ. ಬೆಳಗ್ಗೆ ದೀಪ ಹತ್ತಿದ ಮೇಲೂ ಅದಕ್ಕೆ ಆತುರವಿಲ್ಲ. ನಮ್ಮಲ್ಲೂ ಕೆಲವರು ಹಾಗೇ ಅಲ್ವಾ?

ದೀಪವನ್ನು ಟೈಮರಿಗೆ ಹಾಕಿ, ದಿನಾ ಒಂದೇ ಹೊತ್ತಿಗೆ ಹತ್ತಿ ಒಂದೇ ಹೊತ್ತಿಗೆ ಆರಲಿ. ಬೆಳಕು ಅರ್ಧ ಗಂಟೆಯಾದರೂ ನಿಧಾನಕ್ಕೆ ಕಡಿಮೆಯಾಗುತ್ತಾ ಹೋದರೆ ಒಳ್ಳೆಯದು. ರಾತ್ರಿ ಎದ್ದು ಟಾರ್ಚ್ ಬಿಡುವ ಚಪಲ ಇದ್ದರೆ ಬಿಟ್ಟುಬಿಡಿ.

6. ಮೊದಲ ಎರಡು ವಾರ

ಜನ ಎಡವುವುದು ಇಲ್ಲೇ, ನಾನೂ ಎಡವಿದ್ದು ಇಲ್ಲೇ. ಹೊಸ ಮೀನು ದೂರದ ಕಡಲಿಂದ ಬಂದಿರುತ್ತದೆ. ಅಲ್ಲಿ ರಾತ್ರಿಯಾದಾಗ ನಿಮ್ಮ ಟ್ಯಾಂಕಿನಲ್ಲಿ ಮಧ್ಯಾಹ್ನ ಇರಬಹುದು. ವಿಮಾನದಲ್ಲಿ ದೂರ ಹೋದವರು ಹಗಲಲ್ಲಿ ತೂಕಡಿಸುತ್ತಾರಲ್ಲ, ಇದೂ ಹಾಗೇ. ಜೊತೆಗೆ ಚೀಲದಲ್ಲಿ ಬಂದ ಭಯ, ಹೊಸ ನೀರು, ಗುರಾಯಿಸುವ ಹಳೆಯ ಮೀನುಗಳು. ಅದು ಹೋಗಿ ಮರಳಲ್ಲಿ ಬಿದ್ದುಕೊಳ್ಳುತ್ತದೆ. ಮೂರು ದಿನ ಕಾಣದಿರುವುದು ಮಾಮೂಲು. ಒಂದು ವಾರವೂ ಆಗಬಹುದು. ಲೆಪರ್ಡ್ ರ‍್ಯಾಸ್ ಆದರೆ ಕೆಲವೊಮ್ಮೆ ಎರಡು ವಾರದ ತನಕ.

ಈ ಹೊತ್ತಲ್ಲಿ ಮಾಡಬೇಕಾದ್ದು ಇಷ್ಟು. ಮರಳು ಕೆದಕಬೇಡಿ. ದಿನಾ ಹಗಲಲ್ಲಿ ಎರಡು ಮೂರು ಸಲ, ಬೇರೆಬೇರೆ ಹೊತ್ತಲ್ಲಿ ಸ್ವಲ್ಪ ಸ್ವಲ್ಪ ತಿಂಡಿ ಹಾಕಿ. ಯಾವಾಗ ಎದ್ದರೂ ಏನಾದರೂ ಸಿಗಲಿ. ಲೆಪರ್ಡ್ ರ‍್ಯಾಸ್ ಕಲ್ಲಿನ ಮೇಲಿನ ಕೊಪೆಪಾಡ್‌ನಂಥ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು. ಹೊಸದಾಗಿ ಕಟ್ಟಿದ ಟ್ಯಾಂಕಿನಲ್ಲಿ ಅವು ಇರುವುದಿಲ್ಲ, ಹಾಗಾಗಿ ಹಸಿವಿನಿಂದಲೇ ಸಾಯುತ್ತದೆ. ಟ್ಯಾಂಕು ಹಳೆಯದಾಗುವ ತನಕ ಅದನ್ನು ತರಲೇಬೇಡಿ.

ಒಳಗೇ ಸತ್ತಿದ್ದರೆ? ನೀರಿನ ಅಮೋನಿಯಾ ಪರೀಕ್ಷೆ ಮಾಡಿ. ಏರಿದ್ದರೆ ಅನುಮಾನ ಪಡಿ. ಮರಳಲ್ಲಿರುವ ನಾಸೇರಿಯಸ್ ಬಸವನಹುಳುಗಳು ಹೆಣದ ವಾಸನೆ ಹಿಡಿಯುವುದರಲ್ಲಿ ಗಟ್ಟಿಗರು. ತಿಂಡಿ ಹಾಕದೆ ಇದ್ದಾಗಲೂ ಅವೆಲ್ಲ ಒಂದೇ ಕಡೆ ಗುಂಪುಗೂಡಿದರೆ ಅಲ್ಲಿ ನೋಡಬಹುದು. ಈ ಎರಡೂ ಇಲ್ಲದಿದ್ದರೆ ಕೋಲು ಕೆಳಗಿಡಿ.

7. ಮರಳು ಸ್ವಚ್ಛ ಮಾಡುವಾಗ

ದಪ್ಪ ಮರಳು ಗಾಳಿಯಾಡದೆ ಗಟ್ಟಿಯಾದರೆ ಒಳಗೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡಿಕೊಳ್ಳುತ್ತದೆ. ಅದು ಮೀನಿಗೆ ವಿಷ. ಹಾಗಂತ ಒಂದೇ ದಿನ ಎಲ್ಲ ಕಲಕಬೇಡಿ. ಪೈಪು ಹಾಕಿ ಕೊಳೆ ಎಳೆಯುವುದು ವಾರಕ್ಕೆ ಒಂದು ಭಾಗ ಮಾತ್ರ, ಅದೂ ಮಟಮಟ ಮಧ್ಯಾಹ್ನ, ಮೀನು ಹೊರಗೆ ಓಡಾಡುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲೆ. ಜಾಫಿಶ್ ಬಿಲದ ಸುತ್ತ ಮುಟ್ಟಲೇಬೇಡಿ.

8. ಬೇರೆ ಟ್ಯಾಂಕಿನಲ್ಲಿ ಇಡಬೇಕಾದರೆ

ರೋಗ ಇದೆಯೋ ಅಂತ ನೋಡಲು ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕ ಇಡುವ ಟ್ಯಾಂಕಿಗೆ ಸಾಮಾನ್ಯವಾಗಿ ಮರಳು ಹಾಕುವುದಿಲ್ಲ. ಮರಳಲ್ಲಿ ಮಲಗುವ ಮೀನು ಅಲ್ಲಿ ಬರೀ ಗಾಜಿಗೆ ಮೂತಿ ಕುಟ್ಟಿ ಕುಟ್ಟಿ ಗಾಯ ಮಾಡಿಕೊಳ್ಳುತ್ತದೆ. ಒಂದು ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ 5 ಸೆಂಟಿಮೀಟರಿನಷ್ಟು ಮರಳು ತುಂಬಿ ಇಡಿ. ಇಡೀ ಟ್ಯಾಂಕಿನಲ್ಲಿ ಇರುವುದು ಅದೊಂದೇ ಹಾಸಿಗೆ, ಅಲ್ಲಿಗೇ ಬರುತ್ತದೆ. ತಾಮ್ರದ ಔಷಧಿ ಹಾಕುವುದಿದ್ದರೆ ಅರಗೊನೈಟ್ ಬೇಡ, ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಸಿಲಿಕಾ ಮರಳು ಹಾಕಿ. ಈ ಡಬ್ಬಿಯಿಂದ ಇನ್ನೊಂದು ಲಾಭ ಇದೆ. ಮೀನನ್ನು ದೊಡ್ಡ ಟ್ಯಾಂಕಿಗೆ ಸಾಗಿಸುವ ದಿನ ಬಲೆ ಹಿಡಿದು ಓಡಿಸಬೇಕಿಲ್ಲ. ಕತ್ತಲಾದ ಮೇಲೆ ಮುಚ್ಚಳ ಹಾಕಿ ಹಾಸಿಗೆ ಸಮೇತ ಎತ್ತಿಬಿಡಿ.

9. ಮಲಗುವ ಹೊತ್ತು ಬರೆದಿಡಿ

ಮೀನು ಹೊಂದಿಕೊಂಡ ಮೇಲೆ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಎಷ್ಟೋ ಸಲ ಅದೇ ಜಾಗದಲ್ಲಿ ಮಲಗುತ್ತದೆ. ನಮ್ಮ ಹಳದಿ ರ‍್ಯಾಸ್ ಸಂಜೆ ಆರೂವರೆಗೆ ಸರಿಯಾಗಿ ಎಡಮೂಲೆಗೆ ಹೋಗುತ್ತಿತ್ತು. ಒಮ್ಮೆ ನಾಲ್ಕು ದಿನ ಮಧ್ಯಾಹ್ನ ಮೂರಕ್ಕೇ ಹೋಗಿ ಮಲಗತೊಡಗಿತು. ನೀರು ನೋಡಿದೆ, ಸರಿಯಾಗಿತ್ತು. ಒಂದು ಮಧ್ಯಾಹ್ನ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗ ಗೊತ್ತಾಯಿತು, ಆ ವಾರ ಹೊಸದಾಗಿ ಬಿಟ್ಟಿದ್ದ ಸಿಕ್ಸ್‌ಲೈನ್ ಇದನ್ನು ಮೂಲೆಮೂಲೆಗೂ ಅಟ್ಟಿಸಿಕೊಂಡು ಹೋಗುತ್ತಿತ್ತು. ಸಿಕ್ಸ್‌ಲೈನನ್ನು ಬೇರೆ ಟ್ಯಾಂಕಿಗೆ ಹಾಕಿದೆ. ಮಾರನೆಯ ದಿನ ಹಳದಿ ಮತ್ತೆ ಆರೂವರೆಗೆ ಮಲಗಿತು.